ನೆಚ್ಚುವುದು, ನಂಬುವುದು

ಯಂತ್ರದ ಮೇಲೆ ಕೆಲಸಗಾರನಿಗಿರುವ ನಂಬಿಕೆಯನ್ನು ಅಳೆಯಲು ಹೊರಟ ಮೊದಮೊದಲ ಸಂಶೋಧನೆಗಳಲ್ಲಿ ಒಂದು ಹಾಲಿನ ಪಂಪಿನ ಸುತ್ತ ನಡೆಯಿತು. 1989ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಾನಿ ಮ್ಯೂರ್ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಹಾಲು ಕಾಯಿಸಿ ಸಂಸ್ಕರಿಸುವ ಒಂದು ಘಟಕವಿದೆ. ನಿಜವಾದ ಡೇರಿಯಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಡೇರಿ. ಅದರ ಪಂಪು ಕೆಲವೊಮ್ಮೆ ಹೇಳಿದಂತೆ ಕೇಳುತ್ತದೆ, ಕೆಲವೊಮ್ಮೆ ಕೇಳುವುದಿಲ್ಲ. ಪರದೆಯ ಮುಂದೆ ಕೂತವರು ಪಂಪನ್ನು ಯಾವಾಗ ಅದರ ಪಾಡಿಗೆ ಬಿಡುತ್ತಾರೆ, ಯಾವಾಗ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ ಎಂದು ಮ್ಯೂರ್ ಗಮನಿಸಿದರು. ಜೊತೆಗೆ, ಈ ಪಂಪನ್ನು ಎಷ್ಟು ನಂಬುತ್ತೀರಿ ಎಂದು ಕೇಳಿ ಅಂಕ ಹಾಕಿಸಿಕೊಂಡರು. ನಂಬಿಕೆ ಇದ್ದಾಗ ಜನ ಯಂತ್ರಕ್ಕೆ ಬಿಟ್ಟರು, ನಂಬಿಕೆ ಇಳಿದಾಗ ತಾವೇ ಕೈಹಾಕಿದರು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ನಂಬಿಕೆಯಂಥ ಒಳಗಿನ ಸಂಗತಿಗೂ ಪಂಪಿನ ಗುಂಡಿ ಒತ್ತುವ ಕೈಗೂ ನಡುವೆ ಅಂಕಿಯಲ್ಲಿ ಹಿಡಿಯಬಹುದಾದ ನಂಟಿದೆ ಎಂದು ತೋರಿಸಿದ್ದು ಆ ಕಾಲಕ್ಕೆ ದೊಡ್ಡ ಮಾತೇ ಆಗಿತ್ತು.

ಇದರಲ್ಲಿ ನನ್ನ ಗಮನ ಸೆಳೆಯುವುದು ಇನ್ನೊಂದು ವಿಷಯ. ನಂಬಿಕೆ ಎಂದರೇನು ಎಂಬುದಕ್ಕೆ ಮ್ಯೂರ್ ಎರಡು ಕಡೆಯಿಂದ ಸಾಲ ತಂದರು. ಒಂದು, ಬರ್ನಾರ್ಡ್ ಬಾರ್ಬರ್ ಎಂಬ ಸಮಾಜಶಾಸ್ತ್ರಜ್ಞರು 1983ರಲ್ಲಿ ಬರೆದ ಪುಸ್ತಕ. ಇನ್ನೊಂದು, 1985ರಲ್ಲಿ ರೆಂಪೆಲ್ ಮತ್ತು ಸಂಗಡಿಗರು ಪ್ರಕಟಿಸಿದ, ಪರಸ್ಪರ ಹತ್ತಿರವಾದ ಜೋಡಿಗಳ ನಡುವೆ ನಂಬಿಕೆ ಹೇಗೆ ಬೆಳೆಯುತ್ತದೆ ಎಂಬ ಅಧ್ಯಯನ. ಅಂದರೆ ಗಂಡಹೆಂಡಿರ ನಡುವಿನ ಅಳತೆಗೋಲನ್ನು ತಂದು ಆಪರೇಟರ್ ಮತ್ತು ಪಂಪಿನ ನಡುವೆ ಹಿಡಿದದ್ದಾಯಿತು. ಗೇಲಿಗಾಗಿ ಈ ಮಾತು ಹೇಳುತ್ತಿಲ್ಲ. ಹೊಸ ವಿಷಯಕ್ಕೆ ಹಳೆಯ ಅಳತೆ ತರದೆ ಯಾವ ಶಾಸ್ತ್ರವೂ ಶುರುವಾಗುವುದಿಲ್ಲ. ಆದರೆ ಅಳತೆಯ ಜೊತೆಗೆ ಅದರ ಮನೆಯೂ ಬಂತು: ಇಬ್ಬರೇ ಇರುವ ಮನೆ. ಒಬ್ಬ ಮನುಷ್ಯ, ಒಂದು ಯಂತ್ರ. ಪಂಪು ಕೊಂಡು ತಂದವನು, ಅದನ್ನು ಕೂರಿಸಿದವನು, ಹಾಲು ಕೆಟ್ಟರೆ ಸಂಬಳ ಹಿಡಿಯುವವನು ಯಾರೂ ಆ ಮನೆಯಲ್ಲಿಲ್ಲ. ಅಲ್ಲಿಂದ ಮುಂದಿನ ಮೂರೂವರೆ ದಶಕದಲ್ಲಿ ಪಂಪಿನ ಜಾಗಕ್ಕೆ ರೋಬಾಟ್ ಬಂತು, ಈಗ ಎಐ ಬಂದಿದೆ. ಮನೆಯಲ್ಲಿ ಮಾತ್ರ ಇನ್ನೂ ಇಬ್ಬರೇ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದ ಮೇಲೆ 'ಕೆಲಸಗಾರ ಮತ್ತು ಎಐ: ನಂಬಿಕೆ, ಸಹಯೋಗ' ಎಂಬುದು ಪಿಎಚ್.ಡಿ.ಗೆ ಬಲು ಬೇಡಿಕೆಯ ವಿಷಯವಾಗಿದೆ. ಅಂಥ ಬರವಣಿಗೆ ಓದುತ್ತ ಹೋದರೆ ಮೂರು ಆಧಾರಸ್ತಂಭಗಳು ಪದೇಪದೇ ಎದುರಾಗುತ್ತವೆ. ಮೊದಲನೆಯದು ಮೇಯರ್, ಡೇವಿಸ್, ಶೂರ್ಮನ್ 1995ರಲ್ಲಿ ಕೊಟ್ಟ ವ್ಯಾಖ್ಯಾನ: ಎದುರಿನವನ ಮೇಲೆ ಕಣ್ಣಿಡಲು, ಹಿಡಿತವಿಡಲು ಆಗದಿದ್ದರೂ ಅವನಿಂದ ಆಗಬಹುದಾದ ಪೆಟ್ಟಿಗೆ ತನ್ನನ್ನು ತಾನೇ ಒಡ್ಡಿಕೊಳ್ಳುವ ಮನಸ್ಸೇ ನಂಬಿಕೆ. ಎರಡನೆಯದು 2000ದಲ್ಲಿ ಜಿಯಾನ್, ಬಿಸಾಂಟ್ಸ್, ಡ್ರೂರಿ ರೂಪಿಸಿದ ಪ್ರಶ್ನಾವಳಿ: 12 ಹೇಳಿಕೆ, ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಮೂರನೆಯದು 2004ರಲ್ಲಿ ಜಾನ್ ಲೀ ಮತ್ತು ಕತ್ರೀನಾ ಸೀ ಬರೆದ ದೀರ್ಘ ಲೇಖನ. ಅವರ ಪ್ರಕಾರ ಅತಿನಂಬಿಕೆಯೂ ಅಪಾಯ, ಅಪನಂಬಿಕೆಯೂ ನಷ್ಟ. ಯಂತ್ರದ ಯೋಗ್ಯತೆ ಎಷ್ಟೋ ನಂಬಿಕೆಯೂ ಅಷ್ಟೇ ಇರುವಂತೆ ಹದ ಮಾಡಬೇಕು. ಹದ ಎಂಬ ಈ ವಿಚಾರ ಬಹಳ ಒಳ್ಳೆಯದು. ಎಐ ಹೇಳಿದ್ದೇ ವೇದವಾಕ್ಯ ಎಂದು ಕಣ್ಣುಮುಚ್ಚಿ ಸಹಿ ಹಾಕುವ ಎಂಜಿನಿಯರನಿಗೂ, ಕಂಪ್ಯೂಟರ್ ಅಂದ ಕೂಡಲೇ ಮೂಗು ಮುರಿಯುವ ಹಿರಿಯ ಫೋರ್ಮನ್‌ಗೂ ಏಕಕಾಲದಲ್ಲಿ ಬುದ್ಧಿ ಹೇಳುವ ಮಾತದು.

ತೊಡಕು ಶುರುವಾಗುವುದು ಆ ಲೇಖನದ ವ್ಯಾಖ್ಯಾನದಲ್ಲೇ ಇರುವ ಒಂದು ಸಣ್ಣ ಪದದಿಂದ. ಅನಿಶ್ಚಿತ ಸ್ಥಿತಿಯಲ್ಲಿ, ಪೆಟ್ಟು ಬೀಳುವ ಸಂಭವವಿರುವಾಗ, ವ್ಯಕ್ತಿಯ ಗುರಿ ಮುಟ್ಟಲು ಯಂತ್ರ ನೆರವಾಗುತ್ತದೆ ಎಂಬ ಭಾವವೇ ನಂಬಿಕೆ ಎಂಬುದು ಅವರ ಮಾತಿನ ತಾತ್ಪರ್ಯ. ಯಾರ ಗುರಿ? ಮನೆಗೆ ತಂದುಕೊಂಡ ಯಂತ್ರವಾದರೆ ಈ ಪ್ರಶ್ನೆ ಏಳುವುದಿಲ್ಲ. ಕೆಲಸದ ಜಾಗದಲ್ಲಿ ಗುರಿ ಕಂಪನಿಯದು, ಪೆಟ್ಟು ಕೆಲಸಗಾರನದು. ಹಾಜರಿ ಹಾಕುವ ಕ್ಯಾಮೆರಾ ನೂರಕ್ಕೆ ನೂರು ಸರಿಯಾಗಿ ಕೆಲಸ ಮಾಡಬಹುದು. ಅದರಿಂದಲೇ ಒಬ್ಬನ ಅರ್ಧ ದಿನದ ಕೂಲಿ ಹೋಗಬಹುದು. ಆಗ ಅವನು ಆ ಯಂತ್ರವನ್ನು ನಂಬಿದ್ದಾನೆ ಅನ್ನಬೇಕೋ ಇಲ್ಲ ಅನ್ನಬೇಕೋ?

ಅಲ್ ಖೋರ್‌ನಲ್ಲಿ ಕುಳಿತು ಓದುವವರಿಗೆ ಇದು ತರ್ಕದ ಆಟವಾಗಿ ಉಳಿಯುವುದಿಲ್ಲ. ದೋಹಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಈ ಊರು ಒಂದು ಕಾಲಕ್ಕೆ ಮೀನು ಹಿಡಿಯುವವರದು, ಮುತ್ತು ತೆಗೆಯುವವರದು. ಈಗ ಒಂದು ಕಡೆ ರಾಸ್ ಲಫಾನ್‌ನ ಅನಿಲ ಸ್ಥಾವರಗಳು, ಇನ್ನೊಂದು ಕಡೆ ಬೆದೂಯಿನರ ಗುಡಾರದ ಆಕಾರದ ಅಲ್ ಬೈತ್ ಕ್ರೀಡಾಂಗಣ. ಸಂಸಾರ ಸಮೇತ ಬಂಗಲೆಯಲ್ಲಿರುವ ಎಂಜಿನಿಯರನಿಂದ ಹಿಡಿದು ಕೋಣೆಗೆ ಇಷ್ಟು ಮಂಚವೆಂಬ ಲೆಕ್ಕದ ಕ್ಯಾಂಪಿನಲ್ಲಿರುವ ಸ್ಕ್ಯಾಫೋಲ್ಡಿಂಗ್ ಕೆಲಸದವನವರೆಗೆ ನಮ್ಮವರೂ ಇಲ್ಲಿದ್ದಾರೆ, ಕರಾವಳಿಯವರು ಹೆಚ್ಚು. ದೇಶ ಬಿಟ್ಟು ಹೋಗಲು ಬೇಕಿದ್ದ ಎಕ್ಸಿಟ್ ಪರ್ಮಿಟ್ ಬಹುಪಾಲು ಕಾರ್ಮಿಕರಿಗೆ 2018ರಲ್ಲಿ ತಪ್ಪಿತು. ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಡವೆಂದು 2020ರಲ್ಲಿ ಕಾನೂನಾಯಿತು. 2021ರ ಮಾರ್ಚ್‌ನಿಂದ 1000 ರಿಯಾಲ್ ಕನಿಷ್ಠ ವೇತನ ಬಂತು. ಇವು ಸಣ್ಣ ಬದಲಾವಣೆಗಳಲ್ಲ. ಆದರೂ ವಾಸದ ಪರವಾನಗಿ ಮಾಲೀಕನ ಹೆಸರಿಗೇ ಅಂಟಿಕೊಂಡಿರುತ್ತದೆ, ಊರಿನಲ್ಲಿ ಸಾಲ ಊರಿನಲ್ಲೇ ಇರುತ್ತದೆ. ಇಂಥವನು ಪೆಟ್ಟಿಗೆ ಒಡ್ಡಿಕೊಂಡೇ ಇದ್ದಾನೆ. 'ಒಡ್ಡಿಕೊಳ್ಳುವ ಮನಸ್ಸು' ಇದೆಯೇ ಎಂದು ಅವನನ್ನು ಯಾರೂ ಕೇಳಿಲ್ಲ. ಮೇಯರ್ ವ್ಯಾಖ್ಯಾನ ನಿಂತಿರುವುದು ಆ ಮನಸ್ಸಿನ ಮೇಲೆ.

ಇಲ್ಲಿ ನಮ್ಮ ಭಾಷೆ ಸಂಶೋಧಕರಿಗಿಂತ ಒಂದು ಹೆಜ್ಜೆ ಮುಂದಿದೆ ಎಂದು ನನ್ನ ಅಭಿಪ್ರಾಯ. ಮೇಲೆ ಹೇಳಿದ 12 ಹೇಳಿಕೆಗಳ ಪ್ರಶ್ನಾವಳಿ ಹುಟ್ಟಿದ್ದು ಇಂಗ್ಲಿಷ್ ಪದಗಳನ್ನು ಗುಡ್ಡೆ ಹಾಕಿ, ಯಾವ ಪದ ನಂಬಿಕೆಗೆ ಹತ್ತಿರ, ಯಾವುದು ದೂರ ಎಂದು ಜನರನ್ನು ಕೇಳಿ ವಿಂಗಡಿಸಿದ್ದರಿಂದ. ಅದೇ ಕೆಲಸವನ್ನು ಕನ್ನಡದಲ್ಲಿ ಮಾಡಿದ್ದರೆ ಗುಡ್ಡೆ ನಾಲ್ಕಾಗಿ ಒಡೆಯುತ್ತಿತ್ತು. ನಂಬಿಕೆ ನಾನು ಇಡುವುದು. ಭರವಸೆ ಎದುರಿನವನು ಕೊಡುವುದು. ಚುನಾವಣೆಯ ಹೊತ್ತಿಗೆ ಹೇರಳವಾಗಿ ಸಿಗುವುದು. ವಿಶ್ವಾಸ ಎರಡೂ ಕಡೆಯಿಂದ ಹರಿಯುವುದು; ಪ್ರೀತಿವಿಶ್ವಾಸ ಎಂದು ಜೋಡಿಯಾಗಿ ಹೇಳುತ್ತೇವೆ, ಮನೆಯಲ್ಲಿ ಏನಾದರೂ ಹೊಸದು ಮಾಡುವ ಮುಂಚೆ ಹಿರಿಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತೇವೆ. ನಾಲ್ಕನೆಯದು ನೆಚ್ಚಿಕೆ. ಮಳೆಯನ್ನೇ ನೆಚ್ಚಿಕೊಂಡ ಬೇಸಾಯ ಎನ್ನುತ್ತೇವಲ್ಲ, ಆ ನೆಚ್ಚಿಕೆ. (ನೆಚ್ಚಿನ ನಟ ಎನ್ನುವಾಗ ಇದೇ ಪದಕ್ಕೆ ಅಕ್ಕರೆಯೂ ಇದೆ, ಆ ಮಾತು ಬೇರೆ.) ಬಯಲುಸೀಮೆಯ ರೈತ ಮಳೆಯನ್ನು ನೆಚ್ಚಿಕೊಂಡಿರುತ್ತಾನೆ, ನಂಬಿರುವುದಿಲ್ಲ. ನಂಬಿದ್ದರೆ ಮುಗಿಲು ನೋಡುತ್ತ ಯಾಕೆ ಕೂರುತ್ತಿದ್ದ? ಬಿತ್ತದೆ ಇರಲಾಗದ ಕಾರಣಕ್ಕೆ ಬಿತ್ತುತ್ತಾನೆ.

ಲೀ ಮತ್ತು ಸೀ ಅವರಿಗೆ ಈ ಭೇದ ಗೊತ್ತಿಲ್ಲವೆಂದಲ್ಲ. ನಂಬಿಕೆ ಒಂದು ಭಾವ, ನೆಚ್ಚಿಕೊಳ್ಳುವುದು ಒಂದು ನಡವಳಿಕೆ. ಮೊದಲನೆಯದು ಎರಡನೆಯದಕ್ಕೆ ದಾರಿ ತೋರಿಸುತ್ತದೆ, ಅದನ್ನು ನಿರ್ಧರಿಸುವುದಿಲ್ಲ ಎಂದು ಅವರು ಜಾಗರೂಕತೆಯಿಂದಲೇ ಬರೆದಿದ್ದಾರೆ. ಆದರೆ ಅವರ ಹೆಸರು ಹೇಳಿ ನಡೆಯುವ ಅಧ್ಯಯನಗಳಲ್ಲಿ ಆ ಜಾಗರೂಕತೆ ಎಷ್ಟೋ ಸಲ ಸೋರಿಹೋಗುತ್ತದೆ. ಕೆಲಸಗಾರ ಎಐ ಹೇಳಿದ ಹಾಗೆ ಮಾಡಿದನೇ? ನೂರರಲ್ಲಿ ಎಷ್ಟು ಸಲ? ಆ ಸಂಖ್ಯೆಯೇ ನಂಬಿಕೆಯ ಸಾಕ್ಷಿಯಾಗಿ ಕೋಷ್ಟಕಕ್ಕೆ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವವರು, ಇಲ್ಲ ಎನ್ನುವ ದಾರಿಯೇ ಇಲ್ಲದವರು. ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಲ್ಲಿ ದೈವವನ್ನು ನಂಬಿದವರು ಕೂಡ ಕೋಲದ ದಿನ ಅದರ ಎದುರು ನಿಂತು ತಮ್ಮ ದೂರು ಹೇಳಿಕೊಳ್ಳುತ್ತಾರೆ, ದೈವ ನುಡಿ ಕೊಡಬೇಕು. ಕೇಳುವ ಹಕ್ಕು ಆ ನಂಬಿಕೆಯ ಒಂದು ಭಾಗ.

ಕೇಳುವ ಹಕ್ಕು ಇದ್ದಾಗ ಮನುಷ್ಯ ಮತ್ತು ಯಂತ್ರದ ಸಹಯೋಗ ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ಈ ಊರಿನಲ್ಲೇ ಇದೆ, ಅದನ್ನು ಲೋಕವೆಲ್ಲ ಟಿ.ವಿ.ಯಲ್ಲಿ ನೋಡಿದೆ. ಚಾಟ್‌ಜಿಪಿಟಿ ಬರುವುದಕ್ಕೆ ಹತ್ತು ದಿನ ಮುಂಚೆ, 2022ರ ನವೆಂಬರ್ 20ರಂದು, ಅಲ್ ಬೈತ್ ಕ್ರೀಡಾಂಗಣದಲ್ಲಿ ಕತಾರ್ ಮತ್ತು ಎಕ್ವಡಾರ್ ನಡುವೆ ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯ. ಮೂರನೆಯ ನಿಮಿಷದಲ್ಲೇ ಎನ್ನರ್ ವಲೆನ್ಸಿಯಾ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ. ಎಕ್ವಡಾರಿನವರು ಕುಣಿದರು. ಸ್ವಲ್ಪ ಹೊತ್ತಿಗೆ ಇಟಲಿಯ ರೆಫರಿ ದನಿಯೇಲೆ ಓರ್ಸಾಟೊ ಗೋಲು ಇಲ್ಲವೆಂದರು: ಆಫ್‌ಸೈಡ್. ಯಾರದು, ಎಲ್ಲಿ, ಹೇಗೆ ಎಂದು ಕ್ರೀಡಾಂಗಣದಲ್ಲಿದ್ದವರಿಗೂ ತಿಳಿಯಲಿಲ್ಲ, ಟಿ.ವಿ. ಮುಂದೆ ಇದ್ದವರಿಗೂ ತಿಳಿಯಲಿಲ್ಲ.

ಆ ತೀರ್ಪಿನ ಹಿಂದೆ ಇದ್ದದ್ದು ಆ ವಿಶ್ವಕಪ್ಪಿಗೆಂದೇ ತಂದ ಅರೆ ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ. ಮಾಡಿನಡಿಯಲ್ಲಿ 12 ಕ್ಯಾಮೆರಾ. ಅವು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತವೆ. ಅಲ್ ರಿಹ್ಲಾ ಎಂಬ ಹೆಸರಿನ ಚೆಂಡಿನ ನಡುವೆ ಒಂದು ಸಂವೇದಕ. ಅದು ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತದೆ. ಇವೆರಡನ್ನೂ ಜೋಡಿಸಿ ಎಐ ವಿಡಿಯೊ ಕೋಣೆಗೆ ಎಚ್ಚರಿಕೆ ಕೊಡುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಚೆಂಡನ್ನು ಒದ್ದ ಕ್ಷಣ ಇದೇ ಹೌದೇ, ಗೆರೆ ಎಳೆದದ್ದು ಸರಿಯಾದ ಅಂಗಕ್ಕೇ ಹೌದೇ ಎಂದು ಕೋಣೆಯಲ್ಲಿರುವ ಅಧಿಕಾರಿಗಳು ತಾವೇ ನೋಡಿ ಒಪ್ಪಬೇಕು. ಆಮೇಲಷ್ಟೇ ಮೈದಾನದ ರೆಫರಿಗೆ ಹೇಳಬೇಕು. ಕೊನೆಗೆ ಅದೇ ಬಿಂದುಗಳಿಂದ ಮೂರು ಆಯಾಮದ ಚಿತ್ರ ತಯಾರಾಗಿ ಎಲ್ಲರಿಗೂ ಕಾಣಿಸುತ್ತದೆ. ಆ ದಿನ ಕಂಡದ್ದು ಮೈಕೆಲ್ ಎಸ್ಟ್ರಾಡಾನ ಕಾಲು. ಗೋಲಿ ಮುಂದೆ ಬಂದುಬಿಟ್ಟಿದ್ದರಿಂದ ಎಸ್ಟ್ರಾಡಾನಿಗೂ ಗೋಲಿಗೂ ನಡುವೆ ಕತಾರಿನ ಇಬ್ಬರು ಇರಲಿಲ್ಲ, ಒಬ್ಬನೇ ಇದ್ದ. ಬರಿಗಣ್ಣಿನವರಿಗೆ ಎಡವಟ್ಟಾದದ್ದು ಅಲ್ಲಿ. ಆತಿಥೇಯರಿಗೆ ಅನುಕೂಲ ಮಾಡಿದರು ಎಂಬ ಗುಸುಗುಸು ಎದ್ದಿತ್ತು. ಅದು ಅಡಗಲು ಚಿತ್ರ ಎಷ್ಟು ಕಾರಣವೋ, ಎಕ್ವಡಾರ್ 2-0ಯಿಂದ ಗೆದ್ದದ್ದೂ ಅಷ್ಟೇ ಕಾರಣವಿರಬೇಕು.

ಇದನ್ನು ನಂಬಿಕೆಯ ಸಂಶೋಧನೆಯ ಕಣ್ಣಿನಿಂದ ನೋಡಿದರೆ ರೆಫರಿಗೆ ಯಂತ್ರದ ಮೇಲೆ ಏಳರಲ್ಲಿ ಆರೋ ಏಳೋ ಅಂಕದ ನಂಬಿಕೆ ಎಂದು ಬರೆದು ಮುಗಿಸಬಹುದು. ನನಗೆ ಕಾಣುವುದು ಬೇರೆ. ಯಂತ್ರ ಮೈದಾನಕ್ಕೆ ಬರುವ ಮುಂಚೆ, 2021ರ ಅರಬ್ ಕಪ್‌ನಲ್ಲಿ, ಇದೇ ಕತಾರಿನ ಮೈದಾನಗಳಲ್ಲಿ ಅದರ ಪ್ರಯೋಗ ನಡೆದಿತ್ತು. ಒಪ್ಪುವ ಅಥವಾ ಬಿಡುವ ಅಧಿಕಾರ ಬರವಣಿಗೆಯಲ್ಲಿ ಮನುಷ್ಯನ ಕೈಯಲ್ಲಿ ಉಳಿಯಿತು. ಒಪ್ಪದಿದ್ದರೆ ಸೀಟಿ ಕಿತ್ತುಕೊಳ್ಳುವವರು ಯಾರೂ ಇಲ್ಲ. ಕಾರಣವನ್ನು ಎಲ್ಲರ ಮುಂದೆ ಚಿತ್ರ ಬರೆದು ತೋರಿಸಲಾಯಿತು. ಇವೆಲ್ಲ ರೆಫರಿಯ ಮನಸ್ಸಿನೊಳಗಿನ ಸಂಗತಿಗಳಲ್ಲ, ಹೊರಗಿನ ಏರ್ಪಾಡುಗಳು. ಏರ್ಪಾಡು ಸರಿ ಇದ್ದದ್ದರಿಂದ ನಂಬಿಕೆ ಬಂತು. ನಂಬಿಕೆ ಇದ್ದದ್ದರಿಂದ ಏರ್ಪಾಡು ನಡೆಯಿತು ಎಂದಲ್ಲ. ಸಂಶೋಧನೆಗಳು ಬಾಣದ ಗುರುತನ್ನು ತಿರುವುಮುರುವಾಗಿ ಹಾಕುತ್ತವೆ ಎಂಬುದೇ ನನ್ನ ತಕರಾರು.

ರೆಫರಿ ದೊಡ್ಡ ಮನುಷ್ಯ, ಅವನ ಮಾತು ಬಿಡಿ ಎನ್ನುವವರಿಗೆ ಇನ್ನೊಂದು ಯಂತ್ರ ತೋರಿಸುತ್ತೇನೆ. ಇದು ಎಐ ಅಲ್ಲ. ಒಂದು ಒದ್ದೆ ಬತ್ತಿಯ ಥರ್ಮಾಮೀಟರು, ಒಂದು ಕರಿಯ ಗುಂಡಿನೊಳಗಿನ ಥರ್ಮಾಮೀಟರು, ಒಂದು ಸಾಮಾನ್ಯ ಥರ್ಮಾಮೀಟರು. ಬಿಸಿಲು, ಗಾಳಿ, ತೇವ ಎಲ್ಲವನ್ನೂ ಸೇರಿಸಿ ಒಂದು ಅಂಕಿ ಕೊಡುತ್ತದೆ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸೈನಿಕರು ತರಬೇತಿಯಲ್ಲಿ ಬಿಸಿಲಿಗೆ ಬೀಳುತ್ತಿದ್ದದ್ದನ್ನು ತಡೆಯಲು ಮಾಡಿದ ಲೆಕ್ಕ ಇದು. ಮಂಗಳೂರಿನವರು ಸೆಖೆ ಎನ್ನುತ್ತಾರಲ್ಲ, ಸರಿಸುಮಾರು ಅದನ್ನೇ ಅಳೆಯುವ ಉಪಕರಣ. ಕತಾರಿನಲ್ಲಿ 2007ರ ನಿಯಮದಂತೆ ಬೇಸಿಗೆಯಲ್ಲಿ ಬೆಳಗ್ಗೆ 11.30ರಿಂದ ಮಧ್ಯಾಹ್ನ 3ರವರೆಗೆ ಹೊರಗಿನ ಕೆಲಸ ನಿಲ್ಲಿಸಬೇಕಿತ್ತು. ಗಡಿಯಾರ ಹೇಳಿದ್ದೇ ಕಾನೂನು. 11 ಗಂಟೆಗೆ ಒಬ್ಬನಿಗೆ ತಲೆ ತಿರುಗಿದರೆ ಗಡಿಯಾರಕ್ಕೆ ಅದು ಗೊತ್ತಾಗುತ್ತಿರಲಿಲ್ಲ.

ಗ್ರೀಸ್‌ನ ಥೆಸಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನ ಕಾರ್ಮಿಕರ ನಡುವೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 2021ರಲ್ಲಿ ಹೊಸ ನಿಯಮ ಬಂತು, ಸಚಿವಾಲಯದ 17ನೆಯ ಸಂಖ್ಯೆಯ ಆದೇಶ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಹೊರಗಿನ ಕೆಲಸ ಇಲ್ಲ. ಅದರ ಮೇಲೆ ಎರಡು ಮಾತು. ಒಂದು, ಯಾವ ಹೊತ್ತಾದರೂ ಸರಿ, ಆ ಉಪಕರಣದ ಅಂಕಿ 32.1 ಡಿಗ್ರಿ ದಾಟಿದರೆ ಕೆಲಸ ನಿಲ್ಲಬೇಕು. ಇನ್ನೊಂದು, ಸೆಖೆಯಿಂದ ತನ್ನ ಆರೋಗ್ಯಕ್ಕೆ ಅಪಾಯವಿದೆ ಎಂದು ಕಾರ್ಮಿಕನಿಗೇ ಸಕಾರಣವಾಗಿ ಅನ್ನಿಸಿದರೆ ಅವನು ಕೆಲಸ ನಿಲ್ಲಿಸಬಹುದು, ಸಚಿವಾಲಯಕ್ಕೆ ದೂರು ಕೊಡಬಹುದು.

ಈ ಎರಡು ವಾಕ್ಯ ಒಂದೇ ಆದೇಶದಲ್ಲಿ ಅಕ್ಕಪಕ್ಕ ಇರುವುದನ್ನು ಎಐ ನಂಬಿಕೆಯ ಮೇಲೆ ಪ್ರಬಂಧ ಬರೆಯುವ ಪ್ರತಿಯೊಬ್ಬರೂ ಓದಬೇಕು. ಯಂತ್ರ ನಿಲ್ಲಿಸು ಎಂದರೆ ಫೋರ್ಮನ್ ನಡೆಸುವಂತಿಲ್ಲ. ಯಂತ್ರ ಪರವಾಗಿಲ್ಲ ಎಂದರೂ ಮೈ ಸಾಕು ಎಂದರೆ ಮೈಯ ಮಾತಿಗೂ ಕಾನೂನಿನ ಬಲವಿದೆ. ಯಾರು ಯಾರನ್ನು ಎಷ್ಟು ನಂಬಬೇಕು ಎಂಬ ಗೊಡವೆಗೇ ಹೋಗದೆ, ಇಬ್ಬರಿಗೂ ನಿಲ್ಲಿಸುವ ಅಧಿಕಾರ ಕೊಟ್ಟು, ಮುಂದುವರಿಸು ಎನ್ನುವ ಅಧಿಕಾರವನ್ನು ಇಬ್ಬರಲ್ಲಿ ಯಾರೊಬ್ಬರಿಗೂ ಒಂಟಿಯಾಗಿ ಕೊಡದೆ ಇರುವುದು ಎಷ್ಟು ಸರಳ! ಸಹಯೋಗ ಎಂಬ ದೊಡ್ಡ ಪದಕ್ಕೆ ಇದಕ್ಕಿಂತ ಒಳ್ಳೆಯ ಕರಡು ನಾನು ಯಾವ ಜರ್ನಲ್ಲಿನಲ್ಲೂ ಓದಿಲ್ಲ. ಕಾಗದದ ಮೇಲಿನ ಈ ಹಕ್ಕನ್ನು ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತವನು ಬಳಸುತ್ತಾನೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ, ಮತ್ತು ಸಂಶೋಧನೆಗೆ ನಿಜವಾಗಿ ತಕ್ಕ ಪ್ರಶ್ನೆ. ವಲಸೆ ಕಾರ್ಮಿಕರಿಗೆ ಇಲ್ಲಿ ಯೂನಿಯನ್ ಕಟ್ಟುವ ಹಕ್ಕಿಲ್ಲ. 30 ಅಥವಾ ಹೆಚ್ಚು ಜನರಿರುವ ಕಂಪನಿಗಳಲ್ಲಿ ಕಾರ್ಮಿಕರೇ ಆರಿಸಿದ ಪ್ರತಿನಿಧಿಗಳೂ ಇರುವ ಜಂಟಿ ಸಮಿತಿಗೆ 2019ರಿಂದ ಅವಕಾಶವಿದೆ. ಹಾಗಿರುವಾಗ 'ಸಾಕು' ಎಂದವನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಇದಕ್ಕೆ ಏಳು ಅಂಕದ ಮಾಪಕದಲ್ಲಿ ಜಾಗವಿಲ್ಲ.

ಇನ್ನು ಕಂಟ್ರೋಲ್ ರೂಂ. ಅಲ್ ಖೋರ್‌ನ ಅನ್ನ ನಡೆಯುವುದು ರಾಸ್ ಲಫಾನ್‌ನಿಂದ. 1996ರ ಕೊನೆಯಲ್ಲಿ ಅಲ್ಲಿಂದ ಮೊದಲ ದ್ರವ ಅನಿಲದ ಹಡಗು ಜಪಾನಿಗೆ ಹೊರಟಿತು. ಇವತ್ತು ಪರದೆಗಳ ಮುಂದೆ ಹಗಲು ರಾತ್ರಿ ಶಿಫ್ಟಿನಲ್ಲಿ ಕೂರುವುದು ಇಲ್ಲಿ ಒಂದು ದೊಡ್ಡ ಕಸುಬು. ಈ ಕಸುಬಿನವರ ಬಗ್ಗೆ ಬರೆದವರಲ್ಲಿ ಲಿಸಾನ್ ಬೇನ್‌ಬ್ರಿಜ್ ಅವರ 1983ರ ಸಣ್ಣ ಲೇಖನ ಇವತ್ತಿಗೂ ಹಳತಾಗಿಲ್ಲ. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತೀರಿ; ದಿನವೂ ಕೈಯಾಡಿಸದ ಮನುಷ್ಯನಿಗೆ ಆ ಗಳಿಗೆಯಲ್ಲಿ ಕೈ ಓಡುವುದಾದರೂ ಹೇಗೆ ಎಂಬುದು ಅವರ ವಾದದ ತಿರುಳು. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಗುವ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಾರಿಸಿದ್ದವು. ಪ್ರತಿಯೊಂದನ್ನೂ ನೋಡಿ, ಅರ್ಥಮಾಡಿಕೊಂಡು, ಕ್ರಮ ಕೈಗೊಳ್ಳಬೇಕು, ಎರಡೂವರೆ ಸೆಕೆಂಡಿಗೊಂದರಂತೆ. ಆಗ ಅವರಿಗೆ ಯಂತ್ರದ ಮೇಲೆ ನಂಬಿಕೆ ಹೆಚ್ಚಿತ್ತೋ ಕಡಿಮೆಯಿತ್ತೋ ಎಂದು ಕೇಳುವುದು ಪ್ರವಾಹದಲ್ಲಿ ಕೊಚ್ಚಿಹೋಗುವವನಿಗೆ ನೀರಿನ ರುಚಿ ಕೇಳಿದ ಹಾಗೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಶೋಶಾನಾ ಝುಬಾಫ್ 1988ರಲ್ಲಿ ಅಮೆರಿಕದ ಕಾಗದ ಕಾರ್ಖಾನೆಗಳ ಬಗ್ಗೆ ಬರೆದ ಪುಸ್ತಕವನ್ನು. ಕಾಗದದ ತಿರುಳನ್ನು ಮುಟ್ಟಿ, ಮೂಸಿ ಹದ ಹೇಳುತ್ತಿದ್ದ ಕೆಲಸಗಾರರನ್ನು ಕಂಪ್ಯೂಟರ್ ಬಂದ ಮೇಲೆ ಗಾಜಿನ ಕೋಣೆಯಲ್ಲಿ ಕೂರಿಸಿದರು. ಘಾಟು ಒಳಗೆ ಬರದಂತೆ ಕೋಣೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೆ, ಕ್ಷಣ ಬಿಟ್ಟು ಇನ್ನೊಂದು ತೆರೆಯುತ್ತದೆ. ಕೆಲಸಗಾರರು ಆ ಕ್ಷಣ ಕಾಯದೆ ಬಾಗಿಲಿನ ಸಂದಿಗೆ ಬೆರಳು ತೂರಿಸಿ ಎಳೆದೆಳೆದು ರಬ್ಬರಿನ ಅಂಚನ್ನೇ ಹಾಳು ಮಾಡಿಬಿಟ್ಟಿದ್ದರು. ಪರದೆಯ ಮೇಲಿನ ಸಂಖ್ಯೆ ನಿಜವೋ ಎಂದು ಹೊರಗೆ ಹೋಗಿ ನೋಡಿ ಬರುವ ಹಳೆಯ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಪ್ರಶ್ನಾವಳಿ ಹಿಡಿದವರಿಗೆ ಇದು ಅಪನಂಬಿಕೆ. ಝುಬಾಫ್ ಅದನ್ನು ಒಂದು ಬಗೆಯ ಜ್ಞಾನದ ಚಡಪಡಿಕೆಯಾಗಿ ನೋಡಿದರು, ವರ್ಷಗಟ್ಟಲೆ ಅಂಥವರ ಜೊತೆ ಕೂತು ಮಾತಾಡಿದರು. ಪಿಎಚ್.ಡಿ. ವಿದ್ಯಾರ್ಥಿಗೆ ಅಷ್ಟು ಪುರುಸೊತ್ತು ಇಲ್ಲದಿರಬಹುದು. ಆದರೆ ಕಿತ್ತುಹೋದ ರಬ್ಬರನ್ನು ನೋಡುವುದಕ್ಕೆ ಒಂದು ದಿನ ಸಾಕು.

ನಾವು ಬಿಟ್ಟುಬಂದ ಊರುಗಳಲ್ಲೂ ಇದೇ ಕಥೆ ಬೇರೆ ವೇಷದಲ್ಲಿ ನಡೆಯಿತು. ಉದ್ಯೋಗ ಖಾತ್ರಿಯ ಕೂಲಿಗಳ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ, ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕರ್ನಾಟಕದಲ್ಲಿ ಕಾಯಕ ಬಂಧು ಎಂಬ ಚೆಂದದ ಹೆಸರಿನ ಮೇಟಿಗಳ ಕೈಗೆ ಈ ಕೆಲಸ ಬಿತ್ತು. ನೆಟ್‌ವರ್ಕ್ ಸಿಗದ ಕೆರೆಯಂಗಳದಲ್ಲಿ ಮಣ್ಣು ಹೊತ್ತದ್ದಕ್ಕೆ ಸಾಕ್ಷಿ ಆ್ಯಪೇ ಹೊರತು ಮಣ್ಣಲ್ಲ ಎಂದಾಯಿತು. ಕೂಲಿಯವರನ್ನು ನಂಬಲಾಗದೆ ತಂದ ಯಂತ್ರವಿದು. ಕೊನೆಗೆ 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು: ಸಂಬಂಧವಿಲ್ಲದ ಫೋಟೊಗಳು, ಫೋಟೊದ ಫೋಟೊಗಳು ಏರಿಸಲ್ಪಡುತ್ತಿವೆ, ಪಂಚಾಯಿತಿಯವರು ಅವನ್ನು ಕಣ್ಣಾರೆ ಪರಿಶೀಲಿಸಬೇಕು. ಮನುಷ್ಯರನ್ನು ನಂಬದೆ ಯಂತ್ರ, ಯಂತ್ರವನ್ನು ನಂಬದೆ ಮತ್ತೆ ಮನುಷ್ಯರು. ಅದೇ ಕರ್ನಾಟಕದಲ್ಲಿ ಇನ್ನೊಂದು ಮಾದರಿಯೂ ಇದೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ ಎಐಗೆ ಕನ್ನಡ ಕಲಿಸುವ ಧ್ವನಿಭಂಡಾರ ಕಟ್ಟುತ್ತದೆ. ಆ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಎಂಬುದು ಅದರ ನಿಯಮ. ಸಹಯೋಗ ಎಂದರೆ ಪಾಲುಗಾರಿಕೆ ಎಂಬ ಅರ್ಥ ಅಲ್ಲಿ ಉಳಿದುಕೊಂಡಿದೆ.

ನಂಬಿಕೆಯ ಸಂಶೋಧನೆಯನ್ನೆಲ್ಲ ಹಳ್ಳಕ್ಕೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಡೀಟ್‌ವರ್ಸ್ಟ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದು: ಮನುಷ್ಯ ತಪ್ಪು ಮಾಡಿದರೆ ಕ್ಷಮಿಸುವ ಜನ ಅಲ್ಗಾರಿದಂ ಒಂದು ಸಲ ಎಡವಿದ್ದನ್ನು ಕಂಡರೆ ಅದನ್ನು ಬಿಟ್ಟುಬಿಡುತ್ತಾರೆ, ಅದು ತಮಗಿಂತ ಜಾಣ ಎಂದು ಗೊತ್ತಿದ್ದರೂ. ಅದೇ ತಂಡ 2018ರಲ್ಲಿ ಅದಕ್ಕೊಂದು ಮದ್ದನ್ನೂ ಹುಡುಕಿತು. ಅಲ್ಗಾರಿದಂ ಕೊಟ್ಟ ಅಂಕಿಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುವ ಅವಕಾಶ ಕೊಟ್ಟರೆ ಜನ ಅದನ್ನು ಒಪ್ಪುತ್ತಾರೆ. ಆ ಅವಕಾಶ ತೀರಾ ಚಿಕ್ಕದಾಗಿದ್ದರೂ ಸಾಕು. ಲೇಖಕರು ಇದನ್ನು ಜನರನ್ನು ಒಲಿಸುವ ಉಪಾಯವಾಗಿ ಮುಂದಿಟ್ಟಿದ್ದಾರೆ. ನಾನು ಇದನ್ನು ಸಾಕ್ಷ್ಯವಾಗಿ ಓದುತ್ತೇನೆ: ತಮ್ಮ ಕೈಯೂ ಅದರಲ್ಲಿ ಇರಬೇಕೆಂಬ ಆಸೆ ಪ್ರಯೋಗಶಾಲೆಯ ಪುಡಿಗಾಸಿನ ಆಟದಲ್ಲೇ ಇಷ್ಟು ಗಟ್ಟಿಯಾಗಿದ್ದರೆ, ಸಂಬಳವೂ ಜೀವವೂ ಒತ್ತೆಯಿರುವ ಜಾಗದಲ್ಲಿ ಎಷ್ಟಿರಬೇಕು? ಆದರೆ ತೀರಾ ಚಿಕ್ಕ ಅವಕಾಶವೂ ಸಾಕು ಎಂಬ ಅದೇ ಫಲಿತಾಂಶ, ಬೇಕೆಂದವರ ಕೈಗೆ ಸಿಕ್ಕರೆ, ಹೆಸರಿಗೊಂದು ಗುಂಡಿ ಇಟ್ಟು ಕೆಲಸಗಾರರನ್ನು ಸುಮ್ಮನಿರಿಸುವ ಯುಕ್ತಿಯೂ ಆಗುತ್ತದೆ. ಕೆಲವು ಆಫೀಸುಗಳಲ್ಲಿ ಗೋಡೆಗೆ ಅಂಟಿಸಿರುವ ಸಲಹಾ ಪೆಟ್ಟಿಗೆಯ ಹಾಗೆ.

ಈ ವಿಷಯದ ಮೇಲೆ ಅಲ್ ಖೋರ್‌ನಲ್ಲೋ ಮಂಗಳೂರಿನಲ್ಲೋ ಪ್ರಬಂಧ ಬರೆಯಲು ಹೊರಟ ಕನ್ನಡದ ಹುಡುಗನೋ ಹುಡುಗಿಯೋ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಆ 12 ಹೇಳಿಕೆಗಳನ್ನು ಅನುವಾದಿಸುವಾಗ ಎಲ್ಲ ಕಡೆ ನಂಬಿಕೆ ಎಂದು ಒಂದೇ ಪದ ತುಂಬಬೇಡಿ. ಯಂತ್ರವನ್ನು ನೆಚ್ಚಿಕೊಂಡಿದ್ದೀರಾ ಎಂದು ಒಂದು ಕಡೆ ಕೇಳಿ, ನಂಬಿದ್ದೀರಾ ಎಂದು ಇನ್ನೊಂದು ಕಡೆ ಕೇಳಿ. ಎರಡರ ಅಂಕ ಎಷ್ಟು ದೂರ ನಿಲ್ಲುತ್ತದೆ ನೋಡಿ. ಯಂತ್ರ ತರುವ ಮುಂಚೆ ನಿಮ್ಮನ್ನು ಯಾರಾದರೂ ವಿಶ್ವಾಸಕ್ಕೆ ತೆಗೆದುಕೊಂಡರೇ, ತಪ್ಪಾದರೆ ಹೊಣೆ ಯಾರದೆಂದು ಯಾರಾದರೂ ಭರವಸೆ ಕೊಟ್ಟರೇ ಎಂದೂ ಕೇಳಿ. ಕೊನೆಯಲ್ಲಿ 13ನೆಯದಾಗಿ ಅಂಕವಿಲ್ಲದ ಒಂದು ಪ್ರಶ್ನೆ ಇರಲಿ: ಯಂತ್ರ ಹೇಳಿದ್ದನ್ನು ನೀವು ಒಪ್ಪದೆ ಇದ್ದದ್ದು ಕೊನೆಯ ಸಲ ಯಾವಾಗ, ಆಮೇಲೆ ಏನಾಯಿತು? ಇದನ್ನು ಕಂಪನಿಯ ಮೀಟಿಂಗ್ ರೂಮಿನಲ್ಲಿ, ಸೂಪರ್‌ವೈಸರ್ ಹಂಚಿದ ಕಾಗದದಲ್ಲಿ ಕೇಳಬೇಡಿ. ಶುಕ್ರವಾರ ರಜೆಯ ದಿನ, ಸಂಜೆ, ಕಾರ್ನೀಷಿನ ದೋಣಿಗಳ ಹತ್ತಿರ ಚಹಾ ಹಿಡಿದು ಕೂತಾಗ ಕೇಳಿ, ಸಾಧ್ಯವಾದರೆ ತುಳುವಿನಲ್ಲಿ. ಉತ್ತರ ಬರಲು ತಡವಾಗುತ್ತದೆ. ಆ ತಡವನ್ನೂ ಬರೆದುಕೊಳ್ಳಿ.